ಬಿಚ್ಚಿದ ಎಂಜಿನ್ನಿಗೆ ಒಂದು ಕಾವಲು

ಕಬ್ಬಿನ ಟ್ರ್ಯಾಕ್ಟರುಗಳು ಎಂ.ಕೆ. ಹುಬ್ಬಳ್ಳಿಯ ಕಡೆ ಹೊರಟು ದೂಳೆಬ್ಬಿಸುವ ಮೊದಲೇ ಬೈಲಹೊಂಗಲದ ಇಸ್ಮಾಯಿಲಸಾಬರು ಎಂಜಿನ್ ಜೋಡಿಸಲು ಕೂರುತ್ತಾರೆ. ಬಿಚ್ಚುವುದು ಯಾವಾಗಲಾದರೂ ಆದೀತು, ಜೋಡಿಸುವಾಗ ಮಣ್ಣಿನ ಕಣವೂ ಒಳಗೆ ಹೋಗಬಾರದು. ತಗಡಿನ ಶೆಡ್ಡಿನ ಮುಂದೆ ಗೋಣಿಚೀಲ, ಅದರ ಮೇಲೆ ತೊಳೆದ ಪಂಜೆ, ಪಂಜೆಯ ಮೇಲೆ ಹಳೆಯದೊಂದು ಬೈಕಿನ ಹೊಟ್ಟೆಯೊಳಗಿನದೆಲ್ಲ. ಎದುರಿಗೆ ಸ್ಟೂಲಿನ ಮೇಲೆ ಬೈಕಿನ ಮಾಲೀಕ ಲಗಮಣ್ಣ. ಪಿಸ್ಟನ್ ಓಡಾಡುವ ಸಿಲಿಂಡರು, ಅಂದರೆ ಇಲ್ಲಿಯವರ ಬಾಯಲ್ಲಿ ಬ್ಲಾಕು, ನಿನ್ನೆಯಷ್ಟೇ ಬೆಳಗಾವಿಯಲ್ಲಿ ಸವೆದ ಒಳಮೈ ಕೊರೆಸಿ ಬೋರ್ ಮಾಡಿಸಿಕೊಂಡು ಬಂದಿದೆ. ಅದನ್ನೇ ನೋಡುತ್ತ ಕುಳಿತ ಲಗಮಣ್ಣನಿಗೆ ಮಾತ್ರ ಬೋರ್ ಆಗಿಲ್ಲ.

ಅವನ ಮೊಬೈಲಿನಲ್ಲಿ ಹೆಂಡತಿ ಪದ್ಮವ್ವನ ದನಿ. ಸ್ಪೀಕರು ಹಚ್ಚಿದ್ದು ಅವನಿಗೆ ನೆನಪಿಲ್ಲ. "ಚಾಕ್ಕಂತ ಎದ್ದ ಹೋಗಬ್ಯಾಡ್ರಿ. ಕಂಪನಿ ಮಾಲ ತಗದ ಲೋಕಲ್ ಹಾಕ್ತಾರಂತ!"

ಸಾಬರು ತಲೆ ಎತ್ತುವುದಿಲ್ಲ. "ಪದ್ಮವ್ವಾ, ಚಾ ಇಲ್ಲೇ ತರಿಸೇನಿ. ನಿನ್ನ ಗಂಡನ ಎರಡೂ ಕಣ್ಣ ನನ್ನ ಕೈ ಮ್ಯಾಲ ಅದಾವ. ನಿಶ್ಚಿಂತಿ ಇರು."

ಪತ್ರಿಕೆಯಿಂದ ಬಂದವರೆಂದರೆ ಸಾಬರಿಗೂ ಸಂಶಯವೇ. "ಶೋರೂಮಿನವರು ಕಳಿಸ್ಯಾರೇನ್ರಿ?" ಎಂದು ಕೇಳಿ, ಅಲ್ಲವೆಂದ ಮೇಲೂ ಅರ್ಧ ಮಾತ್ರ ನಂಬಿ, ಒಂದು ಟೈರು ತೋರಿಸಿ "ಕುಂದರ್ರಿ" ಎನ್ನುತ್ತಾರೆ.

ಲಗಮಣ್ಣ ಬೇಕರಿಯಿಂದ ಪಾವು, ಟೋಸ್ಟು, ಖಾರಿ ತುಂಬಿಕೊಂಡು ದಿನವೂ ದೇಗಾಂವದ ಕಡೆಯ ಹಳ್ಳಿಗಳಿಗೆ ಹೋಗುವವನು. ಹೊಗೆ ಉಗುಳುತ್ತಿದ್ದ ಬೈಕನ್ನು ಒಂದೆಡೆ ತೋರಿಸಿದಾಗ ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದರು. ಇನ್ನೊಂದೆಡೆ, ಚಹಾದಂಗಡಿಯಲ್ಲಿ, ಇಸ್ಮಾಯಿಲಸಾಬರು ಹಳೆಯ ಕಂಪನಿ ಬ್ಲಾಕನ್ನು ಬದಲಾಯಿಸಿಬಿಡುತ್ತಾರೆ ಎಂದು ಯಾರೋ ಕಿವಿ ಕಚ್ಚಿದರು. ಹೊಗೆ ಬೈಕಿನಿಂದ ತಲೆಗೆ ಹತ್ತಿತು.

ಸಾಬರಿಗೆ ಸಂಶಯದ ಮೇಲೆ ಸಿಟ್ಟಿಲ್ಲ. ಅವರು ಈ ಕೆಲಸಕ್ಕೆ ಬಂದದ್ದೇ ಅದರಿಂದ. ಅಪ್ಪ ರಾಮದುರ್ಗ, ಸವದತ್ತಿ ಸಂತೆಗಳಿಗೆ ಬಳೆ ಒಯ್ಯುತ್ತಿದ್ದ ಗಾಡಿಯ ಎಂಜಿನ್ ಬಿಚ್ಚಿದಾಗಲೆಲ್ಲ ಮಗನನ್ನು ಮೇಸ್ತ್ರಿಯ ಎದುರು ಕಾವಲಿಗೆ ಕೂರಿಸುತ್ತಿದ್ದರು. "ಅಂವ ಏನ ತಗೀತಾನ, ಏನ ಹಾಕ್ತಾನ ನೋಡ್ಕೋತ ಕುಂದ್ರು ಅಂತಿದ್ರು ಅಬ್ಬಾ. ಕಳವು ಆಗಬಾರದಂತ ಕುಂದರಸಿದ್ರು. ಕಳವು ನಾನ ಮಾಡಿದೆ ನೋಡ್ರಿ, ಮೇಸ್ತ್ರಿ ಕೆಲಸಾನ ಕದ್ದೆ!"

ಮುಂದೆ ಅವರೆದುರೂ ಜನ ಹಾಗೆಯೇ ಕೂತರು. ಸುರೇಬಾನದಿಂದ ಬಂದವರು ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದರು. ಕಾಯುತ್ತ ಕಾಯುತ್ತ ಪ್ಲಗ್ ಒರೆಸುವುದು, ಚೈನು ಬಿಗಿಯುವುದು, ಟಕಟಕ ಸದ್ದು ಯಾವುದರದು ಎಂಬುದೆಲ್ಲ ಅವರ ಕೈಗೂ ಕಿವಿಗೂ ಹತ್ತುತ್ತಿತ್ತು. ವಾರಕ್ಕೆ ಎರಡು ಮೂರು ಎಂಜಿನ್ ಬಿಚ್ಚುತ್ತಿದ್ದ ಸಾಬರಿಗೆ ಈಗ ತಿಂಗಳಿಗೊಂದು ಬಂದರೆ ಹೆಚ್ಚು. ಉಳಿದಂತೆ ಪಂಕ್ಚರು, ಬ್ರೇಕ್ ಶೂ. ಬೋರ್ ಮಾಡುತ್ತಿದ್ದ ಊರಿನ ಲೇಥ್ ಬಾಗಿಲು ಹಾಕಿದೆ.

"ಈಗಿನವರು ಗಾಡಿ ಬಿಟ್ಟ ಹೋಗತಾರ್ರಿ. ಸಂಜಿಕ್ಕ ಫೋನ್ ಬರತದ," ಎಂದು ಸಾಬರು ಮೂಗು ಹಿಡಿದುಕೊಂಡು ಶೋರೂಮಿನ ಹುಡುಗಿಯ ದನಿ ತೆಗೆಯುತ್ತಾರೆ: "'ಪ್ರಿಯ ಗ್ರಾಹಕರೇ, ನಿಮ್ಮ ವಾಹನ ಸಿದ್ಧವಾಗಿದೆ!' ಒಳಗ ಏನ ಆತು? ಯಾರಿಗಿ ಗೊತ್ತ? ಏಸಿ ಒಳಗ ಕುಂದರಸತಾರ. ಮಂದೀನೂ ತಂಪ, ಸಂಶೇನೂ ತಂಪ."

ಅಷ್ಟರಲ್ಲಿ ಪೆಟ್ರೋಲಿನಲ್ಲಿ ತೊಳೆದ ಬ್ಲಾಕಿನ ಮೇಲೆ ಓಡುತ್ತಿದ್ದ ಅವರ ಉಗುರು ಒಂದು ಕಡೆ ತಡೆದಿದೆ. ಮುಚ್ಚಳದಂಥ ಹೆಡ್ ಬಂದು ಕೂರುವ ನುಣುಪಾದ ಮೈ ಮೇಲೆ ಆಳವಾದ ಗೀರು. "ಬೆಳಗಾವಿ ಹಲ್ಕಟ್‌ಗೋಳು!" ಎಂದು ಸಾಬರು ಫೋನಿಗೆ ಕೈ ಹಾಕುತ್ತಾರೆ.

"ಅವರಿಗಿ ಬೈಬ್ಯಾಡ್ರಿ, ಸಾಬ್ರ." ಲಗಮಣ್ಣ ಸ್ಟೂಲಿನಿಂದ ಎದ್ದಿದ್ದಾನೆ. "ನಾನ ಗೀರೇನಿ. ಬೆಳಗಾವಿಗಿ ಹೋದ್ರ ಯಾರ್ ಕಾಯಾವ್ರು? ಗುರ್ತ ಇರ್ಲಿ ಅಂತ."

"ಯಾವಾಗ?"

"ಶುಕ್ರವಾರ. ನೀವ ನಮಾಜಿಗಿ ಹೋದಾಗ."

"ಭೇಷ್! ನಾ ದೇವರ ಮುಂದ ತಲಿ ಇಟ್ಟೆ, ನೀ ಬ್ಲಾಕಿನ ಮ್ಯಾಲ ಮೊಳಿ ಇಟ್ಟಿ." ಸಾಬರು ನಗುತ್ತಾರೆ, ಆದರೆ ಕೈಯಲ್ಲಿದ್ದ ಬಟ್ಟೆಯನ್ನು ಬೀಸಿ ಒಗೆಯುತ್ತಾರೆ.

ತೊಡಕು ಇರುವುದು ಇಲ್ಲಿ. ಗೀರು ಉಳಿದರೆ ಅದರ ಸಂದಿಯಿಂದ ಒತ್ತಡ ಸೋರಿ ಎಂಜಿನ್ ಮತ್ತೆ ದಮ್ಮು ಕಳೆದುಕೊಳ್ಳುತ್ತದೆ. ಗಾಜಿನ ಮೇಲೆ ಪಾಲಿಶ್ ಕಾಗದ ಹಾಸಿ, ಎಣ್ಣೆ ಬಿಟ್ಟು, ಬ್ಲಾಕನ್ನು ಬೋರಲಾಗಿಸಿ ತಿಕ್ಕಿದರೆ ಗೀರು ಹೋಗುತ್ತದೆ. ಅದರ ಜೊತೆಗೇ, ಈ ಬ್ಲಾಕು ತನ್ನದೇ ಎನ್ನಲು ಲಗಮಣ್ಣನಿಗಿರುವ ಒಂದೇ ಸಾಕ್ಷಿಯೂ.

"ಅದ ಹೋದ್ರ ನಂದಂತ ಹೆಂಗ ಹೇಳ್ಲಿರಿ? ನಮ್ಮಾಕಿ ಕೇಳತಾಳ."

"ಗುರ್ತ ಇದ್ರ ಎಂಜಿನ್ ಇರೂದಿಲ್ಲ. ನೋಡು, ನಿನ್ನ ಮಾಲ."

ಲಗಮಣ್ಣ ಬ್ಲಾಕನ್ನು ನೋಡುತ್ತಾನೆ, ಶೆಡ್ಡಿನ ಒಳಗೆ ಇಣುಕುತ್ತಾನೆ. ಅಲ್ಲಿ ಇಂಥದೇ ಇನ್ನೊಂದಿದೆಯೇ ಎಂದು ನೋಡುತ್ತಿರಬೇಕು. ಸಾಬರು ಅವನ ಕೈ ಹಿಡಿದು ಗೋಣಿಚೀಲದ ಮೇಲೆ ಕೂರಿಸಿ ಬ್ಲಾಕು ಕೊಡುತ್ತಾರೆ. "ನೀನ ತಿಕ್ಕು. ಭಾರ ಹಾಕಬ್ಯಾಡ. ರೊಟ್ಟಿ ಮ್ಯಾಲ ಕೈ ಆಡಿಸಿದಂಗ, ಗುಂಡಗ. ನಡುನಡುವ ಉಗುರು ಹಚ್ಚಿ ನೋಡು. ಉಗುರ ಎಲ್ಲೂ ತಡೀಬಾರದು."

ಮೊದಲು ಅವನ ಕೈ ತಡವರಿಸುತ್ತದೆ. "ಏ, ಅದು ಬೇಕರಿ ಹಿಟ್ಟಲ್ಲೋ!" ಎಂದು ಬೈಸಿಕೊಳ್ಳುತ್ತಾನೆ. ಆಮೇಲೆ ತಿರುವು ಸಿಗುತ್ತದೆ. ಗೀರು ತೆಳುವಾಗಿ, ಕೂದಲಾಗಿ, ಇಲ್ಲವಾಗುತ್ತದೆ. ಲಗಮಣ್ಣ ಕಣ್ಣು ಮುಚ್ಚಿ ಉಗುರು ಎಳೆಯುತ್ತಾನೆ, ಇನ್ನೊಮ್ಮೆ ಎಳೆಯುತ್ತಾನೆ. ತಾನಾಗಿಯೇ ಫೋನ್ ಹಚ್ಚುತ್ತಾನೆ: "ಗುರ್ತ ಅಳಿಸೇನಿ. ಹೂಂ, ನಾನ. ನನ್ನ ಕೈಲೆನ."

ಆ ಕಡೆಯಿಂದ ಪದ್ಮವ್ವ ಏನೆಂದಳೋ ಈ ಸಲ ಕೇಳಿಸುವುದಿಲ್ಲ. ಎಂಜಿನ್ ಜೋಡಣೆಯಾಗಿ ಮೂರನೆಯ ಕಿಕ್ಕಿಗೆ ಬೈಕು ಹೊಗೆಯಿಲ್ಲದೆ ಎದ್ದಾಗ ಲಗಮಣ್ಣ ಎಲ್ಲಾದರೂ ಎಣ್ಣೆ ಸೋರುತ್ತದೆಯೋ ಎಂದು ಬಗ್ಗಿ ಬಗ್ಗಿ ನೋಡುತ್ತಾನೆ. ಸೋರುವುದಿಲ್ಲ. ಹಾಗಿದ್ದರೂ, "ನಾಳಿ ಮತ್ತ ತೋರಸತೇನ್ರಿ" ಎಂದೇ ಹೋಗುತ್ತಾನೆ.

"ಬಾ ಬಾ," ಎಂದ ಸಾಬರು ಕೈ ಒರೆಸಿಕೊಳ್ಳುತ್ತ ಟೈರಿನ ಮೇಲೆ ಕೂತ ಪತ್ರಿಕೆಯವರ ಕಡೆ ತಿರುಗುತ್ತಾರೆ. "ನಿಮ್ಮ ಪೇಪರಿನ್ಯಾಗ ನನ್ನ ಭಾಳ ಪ್ರಾಮಾಣಿಕ ಅಂತ ಬರೀಬ್ಯಾಡ್ರಿ. ಹಂಗ ಬರದ್ರ ಇವರೂ ಗಾಡಿ ಬಿಟ್ಟ ಮನೀಗಿ ಹೋಗತಾರ. ಇಂವನ ಮ್ಯಾಲ ಒಂದ ಕಣ್ಣ ಇಡ್ರಿ ಅಂತ ಬರೀರಿ. ಕಾಯಾಕರ ನಾಕ ಮಂದಿ ಬಂದ ಕುಂದರಲಿ."