ಬೇವಿನ ಬುಡಕ್ಕ ಹುಗಿದ ಬಿಲ್ಲೆ

ಅಬ್ಬಾ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ಪಾರಖಿ, ಮಾಲು ಪರೀಕ್ಷೆ ಮಾಡಿ ಹೇಳಾವರು. ಎರಡು ಚೀಲದ್ದು ಒಂದೊಂದು ಕಾಯಿ ಮುರಿದು ಅಂಗೈ ಮ್ಯಾಲೆ ಇಟ್ಟು, ‘ಎರಡೂ ಒಂದ ಹೊಲದ್ದು’ ಇಲ್ಲಾ ‘ಬ್ಯಾರೆ ಬ್ಯಾರೆ’ ಅಂದ್ರ ಮುಗೀತು, ಯಾರೂ ತುಟಿ ಬಿಚ್ಚತಿರಲಿಲ್ಲ. ಅಂಥವರ ಲಿವರಿನ್ಯಾಗ ಕ್ಯಾನ್ಸರ್ ಗಡ್ಡಿ ಆತು. ತೊಂಬತ್ತರ ದಶಕದ ಮೊದಲಿಗೆ ಹುಬ್ಬಳ್ಳ್ಯಾಗ ಆಪರೇಶನ್ ಮಾಡಿಸಿದ್ವಿ.

ತಪಾಸಣಿ ಮುಗಿದ ಮ್ಯಾಲೆ ಲ್ಯಾಬಿನವರು ಉಳಿದ ಗಡ್ಡಿಯ ಬಾಟ್ಲಿ, ಅದರದ ಒಂದು ತುಣುಕು ಹುದುಗಿಸಿದ ಮೇಣದ ಬಿಲ್ಲೆ ನನ್ನ ಕೈಗೆ ಕೊಟ್ಟು ಸಹಿ ತಗೊಂಡ್ರು. ಕಾಯ್ದಿಡ್ರಿ ಅಂತ ಒಂದು ಮಾತು ಹೇಳಿದ್ರ ಅವರ ಗಂಟೇನು ಹೋಗತಿತ್ತು? ನಮ್ಮ ಮಂದ್ಯಾಗ ಮೈಯಿಂದ ತೆಗೆದದ್ದನ್ನ ಕಂಡಲ್ಲಿ ಒಗೆಯಂಗಿಲ್ಲ, ಮಣ್ಣು ಮಾಡಬೇಕು. ಹಾವೇರಿ ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟ್ಕೊಂಡು ಬಂದೆ. ಬಾಟ್ಲ್ಯಾಗಿಂದು, ಬಿಲ್ಲೆ, ಎರಡನ್ನೂ ಬಿಳೇ ಅರಿವ್ಯಾಗ ಸುತ್ತಿ ಕಬರಸ್ತಾನದ ಬೇವಿನ ಬುಡಕ್ಕ ಹುಗಿದೆ. ಭಾರೀ ಶ್ಯಾಣ್ಯಾ ಕೆಲಸ ಮಾಡೇನಿ ಅನ್ಕೊಂಡಿದ್ದೆ, ಮಂಗ್ಯಾನ ಮಗ!

ನಾಕು ವರ್ಷಕ್ಕ ಮತ್ತ ಗಡ್ಡಿ. ಈ ಸಲದ ಡಾಕ್ಟರು ಬ್ಯಾರೆಯವರು, ಬಿಡಿಸಿ ಹೇಳಿದ್ರು: ‘ಹಳೇ ಗಡ್ಡಿಯ ಬೀಜದಿಂದ ಹುಟ್ಟಿದ್ದಾದರೆ ಅದು ಒಳಗೆಲ್ಲ ಹರಡಿದೆ ಅಂತ ಅರ್ಥ, ಕೊಯ್ದು ಉಪಯೋಗ ಇಲ್ಲ. ಬೇರೆಯೇ ಹೊಸದಾದರೆ ಮತ್ತೊಮ್ಮೆ ಕೊಯ್ಯೋಣ, ಉಳೀಬಹುದು. ಎರಡೂ ತುಣುಕು ಇದ್ದರೆ ಮುಂಬಯಿಯಲ್ಲಿ ಹೋಲಿಸಿ ಹೇಳ್ತಾರೆ. ಹಳೇ ಬಿಲ್ಲೆ ತನ್ನಿ.’

‘ಮಣ್ಣಾಗ ಐತ್ರಿ’ ಅಂದೆ. ಅವರು ಪೆನ್ನು ಕೆಳಗಿಟ್ರು.

ಸಲಿಕಿ ತಗೊಂಡು ಓಡಿದೆ. ಮೇಣ ಕೊಳಿಯಂಗಿಲ್ಲ, ಸಿಕ್ಕೇ ಸಿಗತೈತಿ ಅನ್ನೋ ಆಸೆ. ಬೇವಿನ ಬುಡಕ್ಕ ಯಾರದೋ ಗೋರಿ ಆಗಿತ್ತು. ಇನ್ನೊಬ್ಬರ ಗೋರಿ ಅಗಿಯಾಕ ಬರತದೇನು? ಸಲಿಕಿ ಒಗದು ಅಲ್ಲೇ ಕುಂತು ಹಣಿ ಹಣಿ ಬಡಕೊಂಡೆ.

ಅಬ್ಬಾ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು. ‘ಒಂದ ಚೀಲ ನೋಡಿ ನನಗೂ ಹೇಳಾಕ ಬರಂಗಿಲ್ಲ ಬೇಟಾ’ ಅಂದು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು.

ರಾಣೆಬೆನ್ನೂರು, ಹಾವೇರಿ, ಮತ್ತ ಹುಬ್ಬಳ್ಳಿ, ಅಲೆದು ಅಲೆದು ಚಪ್ಪಲಿ ಸವೆದುವು. ಹಳೇದೋ ಹೊಸದೋ ಖಾತ್ರಿ ಇಲ್ಲದೇ ಯಾರೂ ಆಪರೇಶನ್ನಿಗೆ ಕೈ ಹಚ್ಚಲಿಲ್ಲ. ಆರು ತಿಂಗಳಿಗೆ ಅಬ್ಬಾನ್ನ ಅದ ಬೇವಿನ ಗಿಡದ ಆ ಬಾಜೂಕ ಮಣ್ಣು ಮಾಡಿದ್ವಿ. ಹೋಲಿಸಿ ನೋಡಬೇಕು ಅಂದಿದ್ದ ಎರಡೂ ಈಗ ಅಲ್ಲೇ ಅದಾವು, ನಾಕು ಹೆಜ್ಜಿ ಅಂತರದಾಗ. ಹೋದಾಗೊಮ್ಮೆ ದುವಾಕ್ಕ ಕೈ ಎತ್ತತೇನಿ, ಬಾಯಿಗೆ ಬರೋದು ಒಂದ ಮಾತು: ಹಳೇದಿತ್ತೋ, ಹೊಸದಿತ್ತೋ?