ಕಲ್ಲಿಗೆ ಕಟ್ಟಿದ ಹಲ್ಲು

ಊರಿನ ಅರ್ಧಕ್ಕರ್ಧ ಮುದುಕರ ನಗು ಹಲ್ಲಣ್ಣನ ಕೈಯಲ್ಲಿ ತಯಾರಾದದ್ದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಇವನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡಿ ಕೊಡುತ್ತಿದ್ದ. ಕಟ್ಟಿಸಿದ್ದು ಅಂತ ಗೊತ್ತಾಗಬಾರದು, ಅದೇ ಆ ಕಸುಬಿನ ಮರ್ಯಾದೆ. ಒಂದು ಹಲ್ಲನ್ನು ಬೇಕೆಂದೇ ಕೊಂಚ ಓರೆ ಇಟ್ಟು, ಅಂಚಿಗೆ ಚಹಾದ ಕಲೆಯಂಥ ಬಣ್ಣ ಬಳಿಯುವಷ್ಟು ಪಳಗಿದ ಕೈ.

ವಾರವೆಲ್ಲ ಹಲ್ಲು, ಭಾನುವಾರ ಕಲ್ಲು. ಈ ಹುಚ್ಚು ಹಿಡಿಸಿದವರು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿ, ನಿವೃತ್ತರಾದ ಮೇಲೂ ಅಲ್ಲಿನ ಕಲ್ಲಿನ ಕಪಾಟು ನೋಡಿಕೊಳ್ಳುತ್ತಿದ್ದ ಮೇಷ್ಟ್ರು. ತಮ್ಮ ಸೆಟ್ ಸಡಿಲವಾಗಿದೆ ಅಂತ ಬಂದವರು, ಕಿಸೆಯಿಂದ ಕಡುಗೆಂಪು ಹರಳೊಂದನ್ನು ತೆಗೆದು “ಇದರ ಮುಖ ಎಣಿಸು ನೋಡೋಣ” ಅಂದಿದ್ದರು. ಹನ್ನೆರಡು ಮುಖ, ಒಂದೊಂದೂ ಗಾಳಿಪಟದ ಹಾಗೆ ನಾಲ್ಕು ಮೂಲೆಯದು. ಯಾರೂ ಕೊರೆದದ್ದಲ್ಲ, ನೆಲದೊಳಗೇ ಹಾಗೆ ಬೆಳೆದದ್ದು. ಅಲ್ಲಿಂದ ಹದಿನಾಲ್ಕು ವರ್ಷ ಹಲ್ಲಣ್ಣ ಅವರ ಬೆನ್ನು ಬಿಡಲಿಲ್ಲ. ಗಾಜನ್ನು ಗೀರಬೇಕು, ಅಂಗೈಯಲ್ಲಿ ಗಾತ್ರಕ್ಕಿಂತ ಭಾರ ಅನ್ನಿಸಬೇಕು, ಒಡೆದರೆ ಪದರ ಪದರವಾಗಿ ಬಿಡಬಾರದು. ಆಗ ಅದು ಗಾರ್ನೆಟ್. ಬಣ್ಣವನ್ನು ಮಾತ್ರ ಕೊನೆಗೆ ನಂಬಬೇಕು. ಇವನು ಹುಡುಕಿ ಕೊಟ್ಟ ಮೂವತ್ತೇಳು ಕಲ್ಲುಗಳು ಕಾಲೇಜಿನ ಗಾಜಿನ ಕಪಾಟಿನಲ್ಲಿ ಕೂತಿದ್ದವು. ಪ್ರತಿಯೊಂದಕ್ಕೂ ಒಂದು ಚೀಟಿ: ಸಿಕ್ಕ ಜಾಗ, ತಾರೀಖು, ಅವನ ಹೆಸರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಹೆಸರು ಕಾಲೇಜಿನಲ್ಲಿ! ಹೆಂಡತಿಯನ್ನು ಕರೆದೊಯ್ದು ಎರಡು ಸಲ ತೋರಿಸಿದ್ದ.

ಆಮೇಲೆ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ. ಸುಣ್ಣಕಲ್ಲಿನ ಕ್ವಾರಿಯಲ್ಲಿ ಕಿತ್ತಳೆ ಬಣ್ಣದ ಗಾರ್ನೆಟ್ ಒಂದು ಸಿಕ್ಕಿತು. ಸುತ್ತಿಗೆಯ ಏಟಿಗೆ ಸುತ್ತಲಿನ ಬಿಳಿ ಕಲ್ಲು ಹಿಟ್ಟಾಗಿ, ಹರಳು ಬಿಡಿಯಾಗಿ ಅಂಗೈಗೆ ಬಂತು. ತಾನು ಬೆಳೆದ ಕಲ್ಲನ್ನು ಕಳಕೊಂಡ ಹರಳಿಗೆ ಗೌರವ ಕಡಿಮೆ. ಮನೆಯಲ್ಲಿ ರೈಲುಹಳಿಯ ಕಡೆಯಿಂದ ತಂದ ಕಾಗೆಬಂಗಾರದ ಕಲ್ಲೊಂದಿತ್ತು. ಅದರ ಹರಳು ಎಂದೋ ಉದುರಿ ಗುಳಿ ಮಾತ್ರ ಉಳಿದಿತ್ತು. ಹಲ್ಲು ಬಿದ್ದ ಒಸಡು ಕಂಡರೆ ಹಲ್ಲಣ್ಣ ಬಿಟ್ಟಾನೆಯೇ? ಗುಳಿಯನ್ನು ಕೂದಲೆಳೆಯಷ್ಟು ಕೊರೆದ, ಹಲ್ಲಿನ ಸಿಮೆಂಟು ಹಾಕಿ ಹರಳನ್ನು ಕೂರಿಸಿದ, ಅಂಚಿಗೆ ಕಾಗೆಬಂಗಾರದ ಪುಡಿ ಉದುರಿಸಿದ. ಬರೀ ಚಂದಕ್ಕೆ. ಮೇಷ್ಟ್ರಿಗೆ ತೋರಿಸಿ ನಗಿಸಬೇಕು ಅಂತಲೇ ಒಯ್ದದ್ದು.

ಮೇಷ್ಟ್ರು ನಗಲಿಲ್ಲ. ಭೂತಗನ್ನಡಿ ಹಿಡಿದು ಕಲ್ಲನ್ನು ಬೆಳಕಿಗೆ ಒಯ್ದರು.

“ಈ ಬಣ್ಣದ್ದು ಈ ಕಲ್ಲಲ್ಲಿ ಬೆಳೆಯೋದೇ ಇಲ್ಲಪ್ಪಾ. ಬೇರೆ ಯಾರು ತಂದಿದ್ರೂ ಅಂಟಿಸಿದ್ದು ಅಂತ ಎಸೀತಿದ್ದೆ. ತಂದವನು ನೀನು! ನನ್ನನ್ನೇ ಮೀರಿಸಿಬಿಟ್ಟೆ. ಎಲ್ಲಿ ಸಿಕ್ತು?”

ಆಗಲೇ ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ‘ಮೀರಿಸಿಬಿಟ್ಟೆ’ ಅನ್ನುವ ಮಾತು ಎಷ್ಟು ಸಿಹಿ! “ರೈಲುಹಳಿ ಹತ್ರ, ಮೇಷ್ಟ್ರೇ” ಅಂದ. ಕಲ್ಲಿನ ಮಟ್ಟಿಗೆ ನಿಜವೇ ತಾನೇ ಅಂತ ಒಳಗೊಳಗೇ ಸಮಾಧಾನ ಮಾಡಿಕೊಂಡ. ಕಳ್ಳನಿಗೊಂದು ಪಿಳ್ಳೆ ನೆವ.

ಮುಂದಿನ ಭಾನುವಾರವೇ ಮೇಷ್ಟ್ರು ಆರೇಳು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳಿಯ ಪಕ್ಕದ ದಿಣ್ಣೆಯನ್ನು ಅಗೆಯಲು ಹೊರಟರು. ಒಂದೇ ಹರಳು ಸಾಲದು. ಇನ್ನೊಂದು ಸಿಕ್ಕರೆ ವಿಜ್ಞಾನ ಪತ್ರಿಕೆಗೆ ಬರೆಯಬಹುದು. ಎಪ್ಪತ್ತಾರು ದಾಟಿದ, ಮಂಡಿ ಬಾತ ಮನುಷ್ಯ ಬಿಸಿಲಲ್ಲಿ ಅಂಬೆಗಾಲಿಟ್ಟು ಮಣ್ಣು ಕೆದಕುವುದನ್ನು ಹಲ್ಲಣ್ಣ ಪಕ್ಕದಲ್ಲೇ ನಿಂತು ನೋಡಿದ. ಅಲ್ಲಿ ಅಂಥದ್ದು ಸಿಗದು ಅಂತ ಗೊತ್ತಿದ್ದವನು ಅವನೊಬ್ಬನೇ. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ, “ಮೊದಲು ನೀನು ತಿನ್ನಪ್ಪಾ, ದಣಿದಿದ್ದೀಯ” ಅಂತ ಮುಂದೆ ಹಿಡಿದರು. ಅವನು ಡಬ್ಬಿಯನ್ನು ಹುಡುಗರ ಕಡೆ ದಾಟಿಸಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎರಡನೇ ಭಾನುವಾರವೂ ಹೀಗೇ ಕಳೆಯಿತು. ಮೂರನೆಯದಕ್ಕೆ ಹೊಟ್ಟೆನೋವು ಅಂತ ಮುಸುಕೆಳೆದು ಮಲಗಿದ. ಹೆಂಡತಿ ಪಕ್ಕದಲ್ಲಿ ಕೂತು ಕೆದಕಿ ಕೆದಕಿ ಎಲ್ಲ ಹೇಳಿಸಿದಳು.

“ಬಾಯಿಗೆ ಕಟ್ಟಿದ್ದು ಸಾಲ್ದು ಅಂತ ಕಲ್ಲಿಗೂ ಕಟ್ಟಿದ್ರಾ?” ಅಂತ ನಗತೊಡಗಿದವಳು ಅವನ ಮುಖ ನೋಡಿ ನಿಲ್ಲಿಸಿದಳು. “ಹಾಕ್ಕೊಳ್ಳೋರಿಗಾದ್ರೂ ಅದು ಕಟ್ಟಿಸಿದ್ದು ಅಂತ ಗೊತ್ತಿರುತ್ತೆ ರೀ. ಎದ್ದು ಹೋಗಿ ಹೇಳಿ. ಈ ಹೊಟ್ಟೆನೋವಿಗೆ ಬೇರೆ ಮದ್ದಿಲ್ಲ.”

ಸೋಮವಾರ ಕಾಲೇಜಿಗೆ ಹೋದ. ಕಪಾಟಿನ ಕೋಣೆಯಲ್ಲಿ ಮೇಷ್ಟ್ರು ಆ ಕಲ್ಲಿಗೇ ಚೀಟಿ ಬರೆಯುತ್ತಿದ್ದರು. ಹಲ್ಲು ಕೆರೆಯುವ ಕೊಕ್ಕೆಯನ್ನು ಕಿಸೆಯಿಂದ ತೆಗೆದು ಹರಳಿನ ಅಂಚಿಗೆ ಹಾಕಿ ಮೀಟಿದ. ಹರಳು ಟಕ್ಕನೆ ಮೇಜಿನ ಮೇಲೆ ಬಿತ್ತು. ಗುಳಿಯ ತುಂಬ ಸಿಮೆಂಟು ಬೆಳ್ಳಗೆ ಕಾಣಿಸಿತು.

ಮೇಷ್ಟ್ರು ಚೀಟಿ ಬದಿಗಿಟ್ಟು ಬೆರಳಿನಿಂದ ಆ ಗುಳಿಯನ್ನು ಸವರಿದರು. ಬೈದಿದ್ದರೆ ತಲೆ ತಗ್ಗಿಸಿ ಬೈಸಿಕೊಳ್ಳಬಹುದಿತ್ತು. ಬೈಯಲಿಲ್ಲ. ಎದ್ದು ಕಪಾಟು ತೆರೆದು ಒಂದು ಕಲ್ಲನ್ನು ತಂದು ಅವನ ಮುಂದಿಟ್ಟರು.

“ಇದು?”

“ನಿಜದ್ದು ಮೇಷ್ಟ್ರೇ.”

“ಇದು?”

“ಇದೂ ನಿಜದ್ದೇ. ನಿಮ್ಮಾಣೆ.” ಆ ಮಾತು ಅವನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ಮೂರನೆಯ ಕಲ್ಲನ್ನು ಮೇಷ್ಟ್ರು ಕೇಳದೆ ಕೈಯಲ್ಲೇ ಹಿಡಿದುಕೊಂಡರು. “ನಾನು ನಂಬ್ತೀನಪ್ಪಾ. ಇವತ್ತು ನೀನೇ ಬಂದು ತೋರಿಸಿದೆಯಲ್ಲ, ಅದಕ್ಕೇ ನಂಬ್ತೀನಿ. ಆದ್ರೆ ನಾನು ಹೋದ ಮೇಲೆ ಈ ಕಪಾಟು ತೆರೆಯೋರು ನಿನ್ನನ್ನೂ ನೋಡಿರಲ್ಲ, ನನ್ನನ್ನೂ ನೋಡಿರಲ್ಲ. ಅವರಿಗಿರೋದು ಈ ಚೀಟಿ ಒಂದೇ. ಒಂದು ಕಟ್ಟಿದ್ದು ಅಂತ ಗೊತ್ತಾದ ಮೇಲೆ ನಿನ್ನ ಹೆಸರಿನ ಉಳಿದ ಚೀಟಿಗಳನ್ನ ಹೇಗೆ ಇಡಲಿ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ಕೈಲಾಗಲ್ಲ. ನೀನೇ ತೆಗೆದುಬಿಡು” ಅಂದು ಕಿಟಕಿಯ ಕಡೆ ತಿರುಗಿ ನಿಂತರು.

ಚೀಟಿಗಳ ಅಂಟು ಗಟ್ಟಿಯಾಗಿತ್ತು. ಕೊಕ್ಕೆಯ ತುದಿಯಿಂದ ಒಂದೊಂದಾಗಿ ಕೆರೆದು, ಮೂವತ್ತೇಳು ಚೀಟಿಗಳನ್ನೂ ಹಲ್ಲಣ್ಣ ತಾನೇ ಕಿತ್ತ. ಮೂವತ್ತೇಳೂ ನಿಜದವು.