ಪುಕ್ಕಲಕ್ಕ ಕಪ್ಪು ದಾರಿ ಇಳಿದ ದಿನ

ಕಾಡುಗುಡ್ಡದ ಸೈಕಲ್ ದಾರಿಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಸವಾರರು ಇಟ್ಟ ಹೆಸರು ಪುಕ್ಕಲಕ್ಕ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ಹೆಸರೇನೂ ಸುಳ್ಳಲ್ಲ. ಒಂದು ತಿರುವಿನಲ್ಲಿ ಹೊಸ ಮಣ್ಣು ಹಾಕಿದರೆ ಮೂರು ಸಲ ತುಳಿದು ನೋಡುವಳು, ಮನೆಗೆ ಹೊರಟವಳು ಅರ್ಧ ದಾರಿಯಿಂದ ಹಿಂದೆ ಬಂದು ನಾಲ್ಕನೇ ಸಲ ತುಳಿಯುವಳು. ಗುಡ್ಡದ ಬುಡದಲ್ಲಿ ಸೈಕಲ್ ರಿಪೇರಿ ಶೆಡ್ಡು ಇಟ್ಟುಕೊಂಡಿದ್ದ ಅವಳ ಗಂಡ, "ಇವಳಿಗೆ ನೆರಳು ಕಂಡರೂ ಭಯ, ನೆರಳು ಕಾಣದಿದ್ದರೆ ಅದು ಎಲ್ಲಿಗೆ ಹೋಯ್ತೋ ಅಂತ ಇನ್ನೊಂದು ಭಯ" ಎಂದು ಬಂದವರೆದುರು ನಗುತ್ತಿದ್ದ.

ಸವಾರರನ್ನು ಜೀಪಿನಲ್ಲಿ ಒಯ್ದು ಬಿಡುವ ಗುಡ್ಡದ ನೆತ್ತಿಯಿಂದ ಕೆಳಗೆ ಮೂರು ದಾರಿ, ಅಲ್ಲಿನ ಕಂಬದಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣದ ಬಾಣದ ಬೋರ್ಡು. ಹಸಿರು ಬಾಣದ್ದು ಹೊಸಬರಿಗೆ. ಅಗಲವಾಗಿ, ಸುತ್ತಿ ಬಳಸಿ ನಿಧಾನಕ್ಕೆ ಇಳಿಯುತ್ತದೆ. ನೀಲಿ ಬಾಣದ್ದು ಕೈ ಪಳಗಿದವರಿಗೆ. ಕಪ್ಪು ಬಾಣದ್ದು ಎದೆಗಾರರಿಗೆ. ಅದರ ನಡುವೆ ಆಳೆತ್ತರದ ಒಂದು ಬಂಡೆ ಇದೆ, ಸವಾರರು ಅದರ ಮೇಲಿಂದ ಸೈಕಲ್ ಸಮೇತ ಕೆಳಗಿನ ಮಣ್ಣಿಗೆ ಹಾರುತ್ತಾರೆ. ಹಾರುಬಂಡೆ ಅಂತಲೇ ಅದರ ಹೆಸರು. ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಸವಾರ ಅಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದ. ಹತ್ತು ಹೆಜ್ಜೆ ದೂರದಲ್ಲಿ ಗುದ್ದಲಿ ಹಿಡಿದು ನಿಂತಿದ್ದ ಅವಳಿಗೆ ಆ ಮೂಳೆಯ ಸದ್ದು ಕೇಳಿಸಿತ್ತು. ಅಂದಿನಿಂದ ಕಪ್ಪು ದಾರಿಯ ಒಂದೊಂದು ಬೇರು, ಒಂದೊಂದು ಕಲ್ಲು ಅವಳೇ ನೋಡಿಕೊಂಡಳು, ಆದರೆ ನಡೆದೇ. ಅಲ್ಲಿ ಸೈಕಲ್ ಹತ್ತುವ ಮಾತು ಬಂದರೆ ಕೈ ಮುಗಿಯುತ್ತಿದ್ದಳು.

ಹನ್ನೊಂದನೇ ವರ್ಷದ ಒಂದು ಮುಂಜಾನೆ ಅದು. ಹಿಂದಿನ ದಿನ ಸಂಜೆ ಗಾಳಿ ಹುಚ್ಚೆದ್ದು ಬೀಸಿತ್ತು. ಬೆಳಕು ಹರಿಯುತ್ತಲೇ ಅವಳು ಕೈಗರಗಸ ಹಿಡಿದು ಕಪ್ಪು ದಾರಿಯನ್ನು ಕೆಳಗಿನಿಂದ ಹತ್ತಿದಳು. ಹಾರುಬಂಡೆಯ ಬುಡಕ್ಕೆ ಬಂದಾಗ ಕಾಲು ನಿಂತುಬಿಟ್ಟಿತು. ಸವಾರರು ಹಾರಿ ಇಳಿಯುವ ಜಾಗಕ್ಕೇ ಸರಿಯಾಗಿ ಒಂದು ದೊಡ್ಡ ಮರ ಅಡ್ಡ ಬಿದ್ದಿತ್ತು. ಪೂರ್ತಿ ನೆಲಕ್ಕೂ ಬಿದ್ದಿರಲಿಲ್ಲ. ಪಕ್ಕದ ಎಳೆಯ ಮರವೊಂದನ್ನು ಬಿಲ್ಲಿನಂತೆ ಬಗ್ಗಿಸಿ ಅದರ ಮೇಲೆ ಒರಗಿ ನಿಂತಿತ್ತು. ಇಂಥ ಮರ ಅವಳಿಗೆ ಗೊತ್ತು. ಎಲ್ಲೋ ಒಂದು ಕೊಂಬೆ ಎಳೆದರೆ ಸಾಕು, ಎಳೆಯ ಮರ ಸಿಡಿಯುತ್ತದೆ, ದಿಮ್ಮಿ ಉರುಳುತ್ತದೆ, ಕೆಳಗಿದ್ದವರ ಕತೆ ಮುಗಿಯಿತು. ಅವಳು ಮುಟ್ಟಲಿಲ್ಲ. ಅಲ್ಲೂ ಏನಾದರೂ ಬಿದ್ದಿದೆಯೇ ನೋಡಲು ಅಡ್ಡಹಾದಿ ಹಿಡಿದು ಹಸಿರು ದಾರಿಗೆ ಬಂದು, ಅದರಲ್ಲೇ ಕೆಳಗಿಳಿದಳು. ಸವಾರರು ಬರುವುದು ಒಂಬತ್ತರ ಮೇಲೆ. ಅಷ್ಟರೊಳಗೆ ಮೋಟಾರು ಗರಗಸ ತಂದು, ಇಬ್ಬರು ಆಳು ಕರೆದುಕೊಂಡು ಹೋಗಬಹುದು ಅಂದುಕೊಂಡಳು.

ಶೆಡ್ಡಿಗೆ ಬಂದಾಗ ಎಂಟೂಕಾಲು. ಗಂಡ ಚಕ್ರವೊಂದನ್ನು ತಿರುಗಿಸಿ ನೋಡುತ್ತಿದ್ದ.

"ಗಣಿತದ ಟೀಚರು ಸಿಕ್ಕಿದ್ರಾ?" ಅಂದ.

"ಯಾವ ಟೀಚರು?"

"ನಿನ್ನ ಟೀಚರೇ ಕಣೇ. ಅವರೂ ಅವರ ತಂಗಿಯೂ ಬೇಗನೇ ಬಂದಿದ್ರು. ಜನ ಸೇರೋ ಮೊದಲೇ ಒಂದು ಸುತ್ತು ಮುಗಿಸ್ತೀವಿ ಅಂದ್ರು. ಹಸಿರು ದಾರಿ ತಾನೇ, ಜೀಪಿನವನ ಹತ್ರ ಮೇಲೆ ಬಿಡಿಸಿದೆ. ಏಳೂವರೆಗೇ ನೆತ್ತಿ ಮುಟ್ಟಿರಬೇಕು."

ಶಾಲೆಯಲ್ಲಿ ಮಗ್ಗಿ ತಪ್ಪಿದಾಗಲೆಲ್ಲ ಅವಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರು. ನಿವೃತ್ತಿಯಾದ ಮೇಲೆ, ಅರವತ್ತಮೂರನೇ ವಯಸ್ಸಿಗೆ, ಹಟ ಹಿಡಿದು ಗುಡ್ಡದ ಸೈಕಲ್ ಕಲಿಯುತ್ತಿದ್ದರು. ಆದರೆ ಆ ಕ್ಷಣ ಅವಳಿಗೆ ನೆನಪಾದದ್ದು ಅದಲ್ಲ.

"ರೀ, ನಾನು ಹಸಿರು ದಾರೀಲೇ ಇಳಿದು ಬಂದೆ. ಒಂದು ನರಪಿಳ್ಳೆಯೂ ಸಿಗಲಿಲ್ಲ."

ಗಂಡನ ಕೈಯಲ್ಲಿ ಚಕ್ರ ನಿಂತಿತು. ನೆತ್ತಿಯಿಂದ ಹಸಿರು ದಾರಿಯಲ್ಲಿ ಎಷ್ಟು ತಡವರಿಸಿದರೂ ಅರ್ಧ ಗಂಟೆ ಸಾಕು. ಇಷ್ಟರಲ್ಲಿ ಅವರು ಶೆಡ್ಡಿಗೆ ಬಂದು ಚಹಾ ಕುಡಿಯುತ್ತಿರಬೇಕಿತ್ತು.

ಅವಳಿಗೆ ನೆತ್ತಿಯ ಕಂಬ ಕಣ್ಣ ಮುಂದೆ ಬಂತು. ಅದರ ಹಸಿರು ಬಾಣದ ಒಂದು ಸ್ಕ್ರೂ ಹೋದ ವಾರವೇ ಬಿದ್ದುಹೋಗಿತ್ತು. ಸದ್ಯಕ್ಕೆ ಒಂದರಲ್ಲೇ ನಿಂತಿರಲಿ, ನಾಳೆ ಹಾಕಿದರಾಯಿತು ಅಂದುಕೊಂಡಿದ್ದಳು. ಆ ನಾಳೆ ಏಳು ದಿನವಾಗಿತ್ತು. ನೆನ್ನೆ ಅಂಥ ಗಾಳಿ.

"ಜೀಪು ತೆಗಿ" ಎಂದು ಜೀಪಿನವನಿಗೆ ಕೂಗಿದಳು. ಗಂಡ ತನ್ನ ಶೆಡ್ಡಿನ ಒಳ್ಳೆಯ ಸೈಕಲ್ಲೊಂದನ್ನು ಹೆಲ್ಮೆಟ್ ಸಮೇತ ಜೀಪಿನ ಹಿಂದೆ ಎತ್ತಿ ಹಾಕಿದ. "ಫೋನ್ ಮಾಡ್ತಿರ್ತೀನಿ" ಅಂದ. ಕಾಡಿನೊಳಗೆ ಫೋನು ಸಿಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನೆತ್ತಿಗೆ ಹತ್ತು ನಿಮಿಷದ ದಾರಿ. ಜೀಪಿನವನು, "ಏನೂ ಆಗಿರಲ್ಲ ಅಕ್ಕಾ, ಎಲ್ಲೋ ಕೂತು ಹಕ್ಕಿ ನೋಡ್ತಿರ್ತಾರೆ" ಅಂದ. ಹಕ್ಕಿ ನೋಡುವ ಜಾತಿಯಲ್ಲ ಟೀಚರು.

ಕಂಬ ಕಂಡದ್ದೇ ಜೀಪು ನಿಲ್ಲುವ ಮೊದಲೇ ಧುಮುಕಿದಳು. ಎಡಕ್ಕೆ ತೋರಿಸಬೇಕಿದ್ದ ಹಸಿರು ಬಾಣ ಪೂರ್ತಿ ತಿರುಗಿ ಬಲಕ್ಕೆ ಮುಖ ಮಾಡಿ, ಕಪ್ಪು ಬಾಣದ ಮೇಲೆಯೇ ಸಿಕ್ಕಿಕೊಂಡು ಅದನ್ನು ಮುಚ್ಚಿಬಿಟ್ಟಿತ್ತು. ಒದ್ದೆ ನೆಲದ ಮೇಲೆ ಎರಡು ಸೈಕಲ್ಲಿನ ಗುರುತು, ಅಕ್ಕಪಕ್ಕದಲ್ಲಿ, ಗೆರೆ ಎಳೆದಂತೆ ನೇರವಾಗಿ ಕಪ್ಪು ದಾರಿಗೆ ಹೋಗಿತ್ತು.

ನಡೆದರೆ ಹಾರುಬಂಡೆಗೆ ಅರ್ಧ ಗಂಟೆ. ಸೈಕಲ್ಲಿನಲ್ಲಿ ಏಳೆಂಟು ನಿಮಿಷ. ಜೀಪಿನವನಿಗೆ ಸೈಕಲ್ಲೇ ಬಾರದು. ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುಮುರುವಾಗಿ ಹಾಕಿಕೊಂಡಳು, ಬಿಚ್ಚಿ ಮತ್ತೆ ಹಾಗೆಯೇ ಹಾಕಿಕೊಂಡಳು. ಜೀಪಿನವನೇ ಹಾಕಿದ.

"ನೀನು ಕೆಳಗೆ ಹೋಗಿ ನಮ್ಮನೆಯವರಿಗೆ ಹೇಳು. ಸ್ಟ್ರೆಚರ್ ತರಲಿ. ಹಾರುಬಂಡೆಗೆ."

ಮೊದಲ ಇಳಿತದಲ್ಲೇ ಜೀವ ಬಾಯಿಗೆ ಬಂತು. ಹನ್ನೊಂದು ವರ್ಷ ಕಾಲಲ್ಲಿ ತುಳಿದ ದಾರಿ ಚಕ್ರದ ಕೆಳಗೆ ಬೇರೆಯೇ ಆಗಿತ್ತು. ತಾನೇ ಜೋಡಿಸಿದ ಕಲ್ಲುಗಳು ಮೈಮೇಲೆ ಬರುವಂತೆ ಏರಿ ಬರುತ್ತಿದ್ದವು. ಬೇರುಗಳ ಮೇಲೆ ಹ್ಯಾಂಡಲ್ ಒದ್ದಾಡಿತು. ಬ್ರೇಕ್ ಪೂರ್ತಿ ಹಿಡಿಯಬೇಡ, ಹಿಂದಕ್ಕೆ ಕೂರು, ದೂರ ನೋಡು ಎಂದು ಸವಾರರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಮೈ ಮಾತ್ರ ಯಾವುದನ್ನೂ ಕೇಳಲೊಲ್ಲದು. "ಟೀಚರ್!" ಎಂದು ಕೂಗಿದಳು. ಕಾಡು ಸುಮ್ಮನಿತ್ತು.

ಕಡಿದಾದ ಮೂರನೇ ತಿರುವಿನಲ್ಲಿ ಸೈಕಲ್ ಗುರುತಿನ ಪಕ್ಕ ಹೆಜ್ಜೆ ಗುರುತು ಶುರುವಾಯಿತು. ಇಳಿದು ತಳ್ಳಿಕೊಂಡು ಹೋಗಿದ್ದಾರೆ. ಒಂದು ಉಸಿರು ಬಂತು. ಆಮೇಲೆ ಇಪ್ಪತ್ತು ಗಜ ಸಮತಟ್ಟು, ಅಲ್ಲಿ ಹೆಜ್ಜೆ ಮಾಯ. ಮತ್ತೆ ಹತ್ತಿದ್ದಾರೆ! ಅದನ್ನು ನೋಡುತ್ತಾ ಎದುರಿನ ಬೇರು ನೋಡಲಿಲ್ಲ. ಮುಂದಿನ ಚಕ್ರ ಜಾರಿ ಅವಳು ಮೊಣಕೈ ಊರಿ ಬಿದ್ದಳು. ಚರ್ಮ ಕಿತ್ತು ರಕ್ತ ಬಂತು. ಒಂದು ಕ್ಷಣ ಹಾಗೇ ಬಿದ್ದಿದ್ದಳು. ಇಲ್ಲೇ ಇದ್ದುಬಿಟ್ಟರೆ ಅಲ್ಲಿ ಏನಾಗಿದೆಯೋ ಅದನ್ನು ನೋಡುವುದು ತಪ್ಪುತ್ತದಲ್ಲ ಎಂಬ ಯೋಚನೆ ಬಂತು. ಆ ಯೋಚನೆಗೇ ಹೆದರಿ ಎದ್ದಳು.

ಹಾರುಬಂಡೆಯ ಮೇಲೆ ಎರಡೂ ಸೈಕಲ್ ಮಲಗಿದ್ದವು. ಟೀಚರ ತಂಗಿ ಬಂಡೆಯ ಅಂಚಿನಲ್ಲಿ ಮಂಡಿಯೂರಿ ಕೆಳಗೆ ಬಗ್ಗಿ, "ಅಕ್ಕಾ, ಅಲ್ಲಾಡಬೇಡ ಕಣೇ" ಎಂದು ಅಳುತ್ತಿದ್ದರು. ಇವಳನ್ನು ಕಂಡು, "ದಾರಿ ಮುಂದಕ್ಕಿದೆಯಾ ನೋಡ್ತೀನಿ ಅಂತ ಇಳಿದ್ಲು. ಜಾರಿಬಿಟ್ಲು. ನಾನು ಆಗಲೇ ಹೇಳ್ದೆ ಇದು ಹೊಸಬರ ದಾರಿ ಅಲ್ಲ ಅಂತ. ಬೋರ್ಡು ಹಸಿರು ಅಂದಮೇಲೆ ಹಸಿರೇ ಅಂದ್ಲು" ಎಂದರು.

ಅವಳು ಬಗ್ಗಿ ನೋಡಿದಳು. ಟೀಚರು ಬಂಡೆಗೂ ದಿಮ್ಮಿಗೂ ನಡುವಿನ ಸಂದಿಯಲ್ಲಿ ಕೂತಿದ್ದರು. ಬಲಪಾದದ ಗಂಟು ಊದಿ, ಆ ಕಾಲು ದಿಮ್ಮಿಯ ಕೆಳಗೇ ಚಾಚಿತ್ತು. ಏಳಲು ಆಸರೆ ಹುಡುಕುತ್ತಾ ತಲೆಯ ಮೇಲಿದ್ದ ಕೊಂಬೆಗೆ ಕೈ ಹಾಕುತ್ತಿದ್ದರು.

"ಟೀಚರ್! ಕೈ ತೆಗೀರಿ!"

ಟೀಚರಿಗೆ ಅವಳು ಎದುರು ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಟೀಚರು ತಲೆ ಎತ್ತಿದರು, ಮುಖ ಸುಣ್ಣದಂತೆ ಬಿಳಿಚಿತ್ತು.

"ಯಾಕೆ? ಹಿಡ್ಕೊಂಡು ಎದ್ದರೆ..."

"ಹಿಡ್ಕೊಂಡ್ರೆ ಮರ ನಿಮ್ಮ ಮೇಲೆ ಬರುತ್ತೆ. ಉಸಿರಾಡಿ, ಅಷ್ಟೇ. ಬೇರೇನೂ ಮಾಡಬೇಡಿ."

ಬಂಡೆ ಬಳಸಿ ಇಳಿದಳು. ದಿಮ್ಮಿ ಯಾವ ಕಡೆ ಉರುಳೀತು ಎಂದು ನೋಡಿದಳು. ಕಪ್ಪು ದಾರಿಯ ಅಂಚಿಗೆಂದು ತಾನೇ ತಂದಿಟ್ಟಿದ್ದ ಕಲ್ಲುಗಳಲ್ಲಿ ದಪ್ಪನೆಯ ಎರಡನ್ನು ಎದೆಗವುಚಿಕೊಂಡು ತಂದು, ಒಂದೊಂದಾಗಿ ದಿಮ್ಮಿಯ ಅಡಿಗೆ ಸೇರಿಸಿದಳು. ಎರಡನೆಯದು ಸೇರಿಸುವಾಗ ಮರದೊಳಗೆಲ್ಲೋ ಲಟಕ್ ಎಂದಿತು. ಮೂರೂ ಜನ ಕಲ್ಲಾದರು. ಮತ್ತೆ ಸದ್ದಿಲ್ಲ.

ಅವಳು ಹಿಂದಿನಿಂದ ಟೀಚರ ಕಂಕುಳಿಗೆ ಕೈ ಕೊಟ್ಟಳು. "ನೋವಾಗುತ್ತೆ. ಕೂಗಿ, ಪರವಾಗಿಲ್ಲ. ಕಾಲು ಮಾತ್ರ ಒದೀಬೇಡಿ."

ಟೀಚರು ಕೂಗಲಿಲ್ಲ. ಅವಳ ಮುಂಗೈಗೆ ಉಗುರು ನೆಟ್ಟುಕೊಂಡರು. ಒಂದೊಂದು ಗೇಣು ಎಳೆದಳು. ಕಾಲು ಹೊರಗೆ ಬಂತು. ಇನ್ನೂ ಎಳೆದಳು, ನಿಲ್ಲಿಸಲು ಧೈರ್ಯ ಬರಲಿಲ್ಲ. ಹತ್ತು ಹದಿನೈದು ಹೆಜ್ಜೆ ಎಳೆದು ಪೊದೆಗೆ ಒರಗಿಸಿ ಮೇಲಿದ್ದ ತಂಗಿಗೆ, "ಅಲ್ಲೇ ಇರಿ, ಇಳೀಬೇಡಿ" ಎನ್ನುವಷ್ಟರಲ್ಲಿ ಎಳೆಯ ಮರ ಪಟಾಕಿಯಂತೆ ಸಿಡಿಯಿತು. ದಿಮ್ಮಿ ಧೊಪ್ಪನೆ ಕೂತು, ಒಂದು ಕಲ್ಲನ್ನು ಪಕ್ಕಕ್ಕೆ ಎಸೆದು, ಇನ್ನೊಂದನ್ನು ಮಣ್ಣಿಗೆ ಹೂತು, ಟೀಚರು ಕೂತಿದ್ದ ಸಂದಿಯನ್ನು ಪೂರ್ತಿ ತುಂಬಿಕೊಂಡಿತು.

ಆಮೇಲೆ ಅವಳು ಟೀಚರ ಪಕ್ಕ ಕುಸಿದು ಕೂತು, ಕೇಳುವ ಮೊದಲೇ ಹೇಳಿಬಿಟ್ಟಳು.

"ಆ ಬೋರ್ಡಿಗೆ ಒಂದೇ ಸ್ಕ್ರೂ ಇತ್ತು ಟೀಚರ್. ನನಗೆ ಗೊತ್ತಿತ್ತು. ವಾರದಿಂದ ಗೊತ್ತಿತ್ತು."

ಟೀಚರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆಫೀಸಿನಲ್ಲಿ ನೀನೇ ಹೇಳು" ಎಂದಷ್ಟೇ ಅಂದರು.

ಸ್ಟ್ರೆಚರ್ ಬಂತು. ಟೀಚರ ಪಾದದ ಗಂಟಿನ ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು. ಅವಳು ಮಧ್ಯಾಹ್ನ ಮೊಣಕೈಗೆ ಬಟ್ಟೆ ಸುತ್ತಿಕೊಂಡೇ ದಾರಿಗಳ ಮೇಲಧಿಕಾರಿಯ ಮುಂದೆ ನಿಂತು, ಒಂದಕ್ಷರ ಮುಚ್ಚಿಡದೆ ಹೇಳಿದಳು. ಕೆಲಸ ಹೋಗುತ್ತದೆ ಅಂದುಕೊಂಡಿದ್ದಳು. ಹೋಗಲಿಲ್ಲ, ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟು, ಎರಡು ವಾರ ಮೂರೂ ದಾರಿ ಮುಚ್ಚಿಸಿದರು. ಆ ಎರಡು ವಾರ ಅವಳಿಗೆ ಅನ್ನ ಸೇರಲಿಲ್ಲ. ಚಮಚ ಬಿದ್ದರೂ ಬೆಚ್ಚುತ್ತಿದ್ದಳು. ಗಂಡ ತಮಾಷೆ ಬಿಟ್ಟುಬಿಟ್ಟ. "ನಾನೂ ಅವರನ್ನು ಮೇಲೆ ಬಿಡಿಸಬಾರದಿತ್ತು, ನೀನು ಬರೋವರೆಗೆ ಕಾಯಬೇಕಿತ್ತು" ಎಂದು ಒಂದು ದಿನ ತಟ್ಟೆಯ ಮುಂದೆ ಕೂತು ಅಂದ.

ಮೂರು ತಿಂಗಳ ಮೇಲೆ ಟೀಚರು ಕೋಲೂರಿಕೊಂಡು ಶೆಡ್ಡಿಗೆ ಬಂದರು. ಜೊತೆಗೆ ತಂಗಿ, ಮುಖ ಗಂಟು ಹಾಕಿಕೊಂಡು.

"ಡಾಕ್ಟರು ಸೈಕಲ್ ತುಳೀಬಹುದು ಅಂದಿದ್ದಾರೆ" ಅಂದರು ಟೀಚರು.

"ನಿಧಾನಕ್ಕೆ ನಡೀಬಹುದು ಅಂದಿದ್ದಾರೆ" ಎಂದರು ತಂಗಿ.

ಪುಕ್ಕಲಕ್ಕನಿಗೆ ಬೇಡ ಅನ್ನಬೇಕು ಎನಿಸಿತು, ಅನ್ನಲಾಗಲಿಲ್ಲ. ಹಸಿರು ದಾರಿಯ ಕೊನೆಯ ಕಾಲು ಭಾಗ ಮಾತ್ರ ಎಂದು ಒಪ್ಪಂದವಾಯಿತು. ಬೆಳಿಗ್ಗೆ ಎರಡು ಸಲ ನೋಡಿಬಂದಿದ್ದ ದಾರಿಯನ್ನು ಅವಳು ಮೂರನೇ ಸಲ ಓಡುತ್ತಾ ಹೋಗಿ ನೋಡಿಬಂದಳು. ಆಮೇಲೆ ಟೀಚರ ಸೈಕಲ್ಲಿನ ಸೀಟಿನ ಹಿಂಬದಿ ಹಿಡಿದು, ಪಕ್ಕದಲ್ಲೇ ಹೆಜ್ಜೆ ಹಾಕಿದಳು.

"ಬಿಡು, ನಾನು ಬೀಳಲ್ಲ" ಅಂದರು ಟೀಚರು.

"ಬಿಡ್ತೀನಿ ಟೀಚರ್" ಎಂದು ಅವಳು ಕೈ ಬಿಡದೆಯೇ ನಡೆದಳು.